ಮೀನುಗಳ ಸಂಗಾತಿ ಆಯ್ಕೆಯಲ್ಲಿ ಹಾರ್ಮೋನುಗಳು

ಪ್ರಾಣಿಗಳು ಸಂಗಾತಿಯನ್ನು ಆರಿಸಿಕೊಳ್ಳುವ ಬಗೆಯನ್ನು ವಿವರಿಸುವಾಗ ನವಿಲಿನ ಗರಿ, ಕೋಗಿಲೆಯ ಕೂಗು, ಸಾರಂಗದ ಕೊಂಬು ಮೊದಲಾಗಿ ಕಣ್ಣಿಗೂ ಕಿವಿಗೂ ಎಟುಕುವ ಲಕ್ಷಣಗಳನ್ನು ಮುಂದಿಡುವುದು ವಾಡಿಕೆ. ಮೀನುಗಳ ಮಟ್ಟಿಗೆ ಈ ವಿವರಣೆ ಅರ್ಧ ದಾರಿಯಲ್ಲೇ ನಿಂತುಬಿಡುತ್ತದೆ. ಬಹುಪಾಲು ಮೀನುಗಳಲ್ಲಿ ತತ್ತಿಯೂ ವೀರ್ಯವೂ ಒಡಲಿನಿಂದ ಹೊರಬಿದ್ದು ನೀರಿನಲ್ಲಿ ಸೇರುತ್ತವೆ. ಹಲವು ಜಾತಿಗಳಲ್ಲಿ ಅಂಡಾಶಯದಿಂದ ಬಿಡುಗಡೆಯಾದ ತತ್ತಿ ಕೆಲವೇ ಗಂಟೆಗಳಲ್ಲಿ ತನ್ನ ಕಸುವನ್ನು ಕಳೆದುಕೊಳ್ಳುತ್ತದೆ. ಆದ್ದರಿಂದ ಎಂಥ ಸಂಗಾತಿ ಬೇಕೆಂಬ ಪ್ರಶ್ನೆಗಿಂತ ಮೊದಲು, ಯಾವ ಸಂಗಾತಿ ಈ ಗಳಿಗೆಯಲ್ಲಿ ಸಿದ್ಧವಾಗಿದೆ ಎಂಬ ಪ್ರಶ್ನೆಗೆ ಮೀನು ಉತ್ತರ ಕಂಡುಕೊಳ್ಳಬೇಕಾಗುತ್ತದೆ. ಆ ಉತ್ತರವನ್ನು ಕೊಡುವುದು ಹಾರ್ಮೋನು, ಅಂದರೆ ಒಂದು ಗ್ರಂಥಿಯಲ್ಲಿ ಹುಟ್ಟಿ ರಕ್ತದಲ್ಲಿ ಹರಿದು ದೂರದ ಅಂಗವೊಂದರ ಕೆಲಸವನ್ನು ಬದಲಿಸುವ ರಾಸಾಯನಿಕ. ಮೀನಿನ ವಿಶೇಷವೆಂದರೆ, ಈ ರಾಸಾಯನಿಕ ಅದರ ರಕ್ತದಲ್ಲೇ ಉಳಿಯದೆ ಕಿವಿರುಗಳ ಮೂಲಕ, ಮೂತ್ರದ ಮೂಲಕ ನೀರಿಗಿಳಿದು, ಇನ್ನೊಂದು ಮೀನಿನ ಮೂಗನ್ನು ತಲುಪಿ ಅದರ ಒಡಲನ್ನೂ ಬದಲಿಸಬಲ್ಲದು.

ಈ ವಿಷಯಕ್ಕೂ ಹೈದರಾಬಾದಿಗೂ ಹಲವು ನೆಲೆಗಳ ನಂಟಿದೆ. ದೇಶದ ಮೀನುಗಾರಿಕೆಗೆ ನೆರವು ನೀಡುವ ರಾಷ್ಟ್ರೀಯ ಮೀನುಗಾರಿಕಾ ಅಭಿವೃದ್ಧಿ ಮಂಡಳಿ 2006ರಲ್ಲಿ ಸ್ಥಾಪನೆಯಾಗಿ ಈ ನಗರದಲ್ಲೇ, ಮೀನಿನ ಆಕಾರದಲ್ಲಿ ಕಟ್ಟಿದ ಕಚೇರಿಯಲ್ಲಿ ನೆಲೆಸಿದೆ. ಗಚ್ಚಿಬೌಲಿಯ ಹೈದರಾಬಾದ್ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕ ಬಿ. ಸೆಂಥಿಲ್‌ಕುಮಾರನ್ ಮತ್ತು ಅವರ ಸಹೋದ್ಯೋಗಿಗಳು ಕ್ಯಾಟ್‌ಫಿಶ್ ಜಾತಿಯ ಮೀನುಗಳ ಸಂತಾನ ಹಾರ್ಮೋನುಗಳ ಮೇಲೆ ದೀರ್ಘಕಾಲದಿಂದ ಕೆಲಸ ಮಾಡಿದ್ದಾರೆ. ಇವೆರಡರ ಜೊತೆಗೆ ನಗರದ ಕೊಳಚೆಯನ್ನೆಲ್ಲ ಹೊತ್ತು ಹರಿಯುವ ಮೂಸಿ ನದಿಯೂ ಇದೆ; ಅದು ಈ ಕಥೆಯೊಳಗೆ ಬರುವುದು ಬೇರೆಯೇ ಕಾರಣಕ್ಕೆ.

ಮೀನಿನ ಮಿದುಳಿನ ತಳದಲ್ಲಿರುವ ಹೈಪೋಥಾಲಮಸ್ ಎಂಬ ಭಾಗವು ಹಗಲಿನ ಉದ್ದ, ನೀರಿನ ಬಿಸಿ, ಮಳೆ, ಪ್ರವಾಹ ಇವುಗಳ ಸುಳಿವನ್ನು ಹಿಡಿದು ಗೊನಡೋಟ್ರೋಪಿನ್ ಬಿಡುಗಡೆ ಹಾರ್ಮೋನನ್ನು ಸ್ರವಿಸುತ್ತದೆ. ಇದರ ಪ್ರೇರಣೆಯಿಂದ ಅದರ ಕೆಳಗಿರುವ ಪಿಟ್ಯೂಟರಿ ಗ್ರಂಥಿ ಗೊನಡೋಟ್ರೋಪಿನ್‌ಗಳನ್ನು, ಎಂದರೆ ಅಂಡಾಶಯ ಮತ್ತು ವೃಷಣಗಳನ್ನು ಚೋದಿಸುವ ಹಾರ್ಮೋನುಗಳನ್ನು, ರಕ್ತಕ್ಕೆ ಬಿಡುತ್ತದೆ; ಅವುಗಳ ಚೋದನೆಗೆ ಒಳಗಾದ ಅಂಡಾಶಯವು ಈಸ್ಟ್ರಡಯಾಲ್ ಮುಂತಾದ ಸ್ಟೀರಾಯ್ಡುಗಳನ್ನೂ ವೃಷಣವು ಟೆಸ್ಟೋಸ್ಟೆರಾನ್ ಮತ್ತು ಮೀನುಗಳಲ್ಲಿ ಅದಕ್ಕಿಂತಲೂ ಪ್ರಬಲವಾಗಿ ಕೆಲಸ ಮಾಡುವ 11-ಕೀಟೋಟೆಸ್ಟೋಸ್ಟೆರಾನನ್ನೂ ತಯಾರಿಸುತ್ತವೆ. ಈ ಸರಪಣಿಗೆ ಒಂದು ತಡೆಯೂ ಇದೆ. ಮಿದುಳಿನಲ್ಲೇ ಹುಟ್ಟುವ ಡೋಪಮಿನ್ ಎಂಬ ರಾಸಾಯನಿಕವು ಗೆಂಡೆ ಜಾತಿಯ ಮೀನುಗಳಲ್ಲಿ ಪಿಟ್ಯೂಟರಿಯನ್ನು ಹಿಡಿದು ನಿಲ್ಲಿಸುತ್ತದೆ. ಕಟ್ಲಾ, ರೋಹು, ಮೃಗಾಲ್ ಮೀನುಗಳು ಕೆರೆಯ ನಿಂತ ನೀರಿನಲ್ಲಿ ಚೆನ್ನಾಗಿ ಬೆಳೆದು, ತತ್ತಿ ತುಂಬಿಕೊಂಡು ಹೊಟ್ಟೆ ಉಬ್ಬಿಸಿಕೊಂಡರೂ ಅಲ್ಲಿ ತತ್ತಿ ಇಡದೆ ಉಳಿಯುವುದಕ್ಕೆ ಕಾರಣ, ಮುಂಗಾರಿನ ಪ್ರವಾಹದ ಸುಳಿವಿಲ್ಲದೆ ಕೊನೆಯ ಹಂತದ ಗೊನಡೋಟ್ರೋಪಿನ್ ಉಕ್ಕು ಅವುಗಳ ರಕ್ತದಲ್ಲಿ ಉಂಟಾಗದಿರುವುದು.

ಆ ಕೊನೆಯ ಹಂತದಲ್ಲಿ ತತ್ತಿಯನ್ನು ಪಕ್ವಗೊಳಿಸುವ ಸ್ಟೀರಾಯ್ಡಿಗೆ 17ಆಲ್ಫಾ, 20ಬೀಟಾ-ಡೈಹೈಡ್ರಾಕ್ಸಿ-4-ಪ್ರೆಗ್ನೀನ್-3-ಓನ್ ಎಂಬ ಉದ್ದ ಹೆಸರಿದೆ. ಇಲ್ಲಿ ಅದನ್ನು ಪಕ್ವತಾ ಸ್ಟೀರಾಯ್ಡ್ ಎಂದು ಕರೆದರೆ ಸಾಕು. ಜಪಾನಿನ ಒಕಝಾಕಿಯಲ್ಲಿದ್ದ ಯೋಶಿತಾಕ ನಾಗಹಾಮ ಮತ್ತು ಸಂಗಡಿಗರು 1985ರಲ್ಲಿ ಇದನ್ನು ಸಾಲ್ಮನ್ ಜಾತಿಯ ಮೀನೊಂದರಲ್ಲಿ ಗುರುತಿಸಿದರು. ಸೆಂಥಿಲ್‌ಕುಮಾರನ್ ಆ ತಂಡದೊಡನೆ ಸೇರಿ, ಈ ಸ್ಟೀರಾಯ್ಡನ್ನು ಒಡಲಲ್ಲಿ ತಯಾರಿಸುವ ಕಿಣ್ವದ ಬಗ್ಗೆ ಟಿಲಾಪಿಯಾ ಮೀನಿನ ಅಂಡಾಶಯದಲ್ಲಿ ಅಧ್ಯಯನ ನಡೆಸಿ 2002ರಲ್ಲಿ ಪ್ರಕಟಿಸಿದರು. ಮುಂದೆ ಹೈದರಾಬಾದಿನಲ್ಲಿ ಅದೇ ಕಿಣ್ವವನ್ನು ಕ್ಯಾಟ್‌ಫಿಶ್‌ನ ವೃಷಣದಲ್ಲೂ ಪರಿಶೀಲಿಸಲಾಯಿತು. ತತ್ತಿ ಪಕ್ವವಾಗುವ ಹೊತ್ತಿಗೆ ಕಿಣ್ವ ಹಠಾತ್ತನೆ ಹೆಚ್ಚುವುದು, ಅದರಿಂದ ಸ್ಟೀರಾಯ್ಡ್ ಉಕ್ಕುವುದು, ಮೇಲುನೋಟಕ್ಕೆ ಒಡಲಿನೊಳಗಿನ ಕೇವಲ ರಸಾಯನ ವ್ಯವಹಾರದಂತೆ ಕಾಣುತ್ತದೆ. ಸಂಗಾತಿಯ ಆಯ್ಕೆಗೂ ಇದಕ್ಕೂ ಏನು ಸಂಬಂಧವೆಂಬುದು ತಿಳಿದುಬಂದದ್ದು ಕೆನಡಾದ ಆಲ್ಬರ್ಟಾದಲ್ಲಿ, ಗಾಜಿನ ತೊಟ್ಟಿಯ ಹೊನ್ನಮೀನುಗಳಿಂದ.

ಹೊನ್ನಮೀನು ಗೆಂಡೆಯ ಹತ್ತಿರದ ಬಂಧು. ತತ್ತಿ ಬಿಡುವ ಹಿಂದಿನ ರಾತ್ರಿ ಹೆಣ್ಣಿನ ರಕ್ತದಲ್ಲಿ ಉಕ್ಕುವ ಪಕ್ವತಾ ಸ್ಟೀರಾಯ್ಡಿನ ಒಂದು ಪಾಲು ನೀರಿಗೆ ಸೋರುತ್ತದೆ. ಡುಲ್ಕಾ, ಸ್ಟೇಸಿ, ಸೊರೆನ್ಸನ್ ಮತ್ತು ವಾನ್ ಡೆರ್ ಕ್ರಾಕ್ ಎಂಬ ವಿಜ್ಞಾನಿಗಳು 1987ರಲ್ಲಿ ಪ್ರಕಟಿಸಿದಂತೆ, ಗಂಡು ಮೀನು ಇದನ್ನು ಮೂಗಿನಿಂದ ಗ್ರಹಿಸಿದೊಡನೆ ಅದರ ಪಿಟ್ಯೂಟರಿ ಚುರುಕಾಗಿ, ರಕ್ತದಲ್ಲಿ ಗೊನಡೋಟ್ರೋಪಿನ್ ಏರಿ, ಬೆಳಗಾಗುವುದರೊಳಗೆ ಬಳಕೆಗೆ ಸಿದ್ಧವಾದ ವೀರ್ಯದ ಪ್ರಮಾಣ ಹೆಚ್ಚುತ್ತದೆ. ಗಂಡಿನ ಮೂಗು ಈ ವಸ್ತುವನ್ನು ಗುರುತಿಸುವ ಮಟ್ಟ ಬೆರಗುಗೊಳಿಸುವಂಥದು: ಲೆಕ್ಕ ಹಾಕಿದರೆ ಒಂದು ಗ್ರಾಂ ಸ್ಟೀರಾಯ್ಡನ್ನು ಸುಮಾರು 300 ಕೋಟಿ ಲೀಟರ್ ನೀರಿನಲ್ಲಿ ಕರಗಿಸಿದರೂ ಸುಳಿವು ಉಳಿದಿರುತ್ತದೆ. ಹೀಗೆ ಹೊರಬಿದ್ದು ಅದೇ ಜಾತಿಯ ಇನ್ನೊಂದು ಜೀವಿಯ ಮೇಲೆ ಪರಿಣಾಮ ಬೀರುವ ರಾಸಾಯನಿಕಕ್ಕೆ ಫೆರೊಮೋನ್ ಎಂದು ಹೆಸರು. ಮುಂಜಾವದಲ್ಲಿ ತತ್ತಿ ಬಿಡುಗಡೆಯಾದ ಮೇಲೆ ಹೆಣ್ಣಿನ ಒಡಲಲ್ಲಿ ಪ್ರೊಸ್ಟಗ್ಲಾಂಡಿನ್ ಎಫ್-2-ಆಲ್ಫಾ ಎಂಬ ಎರಡನೆಯ ಹಾರ್ಮೋನು ಹುಟ್ಟುತ್ತದೆ. ಅದು ಹೆಣ್ಣಿನ ಮಿದುಳನ್ನು ಮುಟ್ಟಿ ಗಂಡಿನ ಕಡೆಗೆ ಹೊರಳಿಸುತ್ತದೆ, ಮೂತ್ರದೊಡನೆ ಹೊರಬಿದ್ದು ಗಂಡು ಹೆಣ್ಣನ್ನು ಬೆನ್ನಟ್ಟುವಂತೆ ಮಾಡುತ್ತದೆ. ತತ್ತಿಯೇ ಇಲ್ಲದ ಹೆಣ್ಣಿಗೆ ಇದನ್ನು ಚುಚ್ಚಿದರೂ ಅದು ತತ್ತಿ ಇಡುವ ನಟನೆಯನ್ನು ಪೂರ್ತಿಯಾಗಿ ಮಾಡುತ್ತದೆ; ಗಂಡಿಗೆ ಚುಚ್ಚಿದರೆ ಗಂಡೂ ಹೆಣ್ಣಿನಂತೆ ವರ್ತಿಸುತ್ತದೆ. ಒಂದೇ ರಾಸಾಯನಿಕವು ಒಳಗೆ ಬಯಕೆಯಾಗಿಯೂ ಹೊರಗೆ ಕರೆಯಾಗಿಯೂ ಕೆಲಸ ಮಾಡುವ ಈ ಮಿತವ್ಯಯವು ಮೀನುಗಳ ಸಂತಾನ ಶಾಸ್ತ್ರದಲ್ಲೇ ಅತ್ಯಂತ ಸೊಗಸಾದ ಸಂಗತಿಯೆನ್ನಬೇಕು.

ಇಲ್ಲಿ ಕರೆ ಹೆಣ್ಣಿನದು, ಓಡಾಟ ಗಂಡಿನದು. ಕರ್ನಾಟಕದ ಕೆರೆಬದಿಯ ಜನ ಜಿಲೇಬಿ ಎಂದು ಕರೆಯುವ ಟಿಲಾಪಿಯಾದಲ್ಲಿ ವ್ಯವಹಾರ ತಿರುವುಮುರುವಾಗಿದೆ. ಭಾರತಕ್ಕೆ 1952ರಲ್ಲಿ ಬಂದ ಮೊಜಾಂಬಿಕ್ ಟಿಲಾಪಿಯಾದ ಗಂಡು ಕೆರೆಯ ತಳದಲ್ಲಿ ಗುಂಡಿ ತೋಡಿ, ಮೈಯನ್ನು ಕಪ್ಪಾಗಿಸಿಕೊಂಡು, ಪ್ರತಿಸ್ಪರ್ಧಿಗಳನ್ನು ಅಟ್ಟುತ್ತ ಕಾಯುತ್ತದೆ. ಪೋರ್ಚುಗಲ್ಲಿನ ಆಲ್ಗಾರ್ವೆ ವಿಶ್ವವಿದ್ಯಾಲಯದ ಸಂಶೋಧಕರು ತೋರಿಸಿಕೊಟ್ಟಂತೆ, ಮೇಲುಗೈ ಪಡೆದ ಗಂಡು ತನ್ನ ಮೂತ್ರವನ್ನು ಕೂಡಿಟ್ಟುಕೊಂಡು, ತತ್ತಿ ಬಿಡಲು ಹತ್ತಿರವಾದ ಹೆಣ್ಣು ಎದುರಾದಾಗ ಪದೇಪದೇ ಹೊರಬಿಡುತ್ತದೆ. ಆ ಮೂತ್ರದಲ್ಲಿರುವ ಗ್ಲುಕುರೊನೈಡ್ ಎಂಬ, ಸಕ್ಕರೆಯ ಅಂಶ ಅಂಟಿಕೊಂಡ ಸ್ಟೀರಾಯ್ಡುಗಳು ಹೆಣ್ಣಿನ ಮೂಗಿಗೆ ತಾಗಿದಾಗ ಅದರ ಅಂಡಾಶಯದಲ್ಲಿ, ಮೇಲೆ ಹೇಳಿದ ಅದೇ ಪಕ್ವತಾ ಸ್ಟೀರಾಯ್ಡಿನ ಉತ್ಪಾದನೆ ಹೆಚ್ಚುತ್ತದೆ. ದುರ್ಬಲ ಗಂಡಿನ ಮೂತ್ರದಲ್ಲಿ ಈ ಸತ್ವ ಕಡಿಮೆ. ಆದುದರಿಂದ ಹೆಣ್ಣು ಬಲಿಷ್ಠನನ್ನು ಆರಿಸಿತು ಎಂದು ಹೇಳುವಾಗ, ಆ ಬಲಿಷ್ಠನ ಹಾರ್ಮೋನೇ ಹೆಣ್ಣಿನ ಆಯ್ಕೆಯ ಗಳಿಗೆಯನ್ನು ಹತ್ತಿರ ತಂದಿತೆಂಬುದನ್ನೂ ಸೇರಿಸಿ ಹೇಳಬೇಕಾಗುತ್ತದೆ. ಆರಿಸುವವರು ಯಾರು, ಆರಿಸಲ್ಪಡುವವರು ಯಾರು ಎಂಬ ಗೆರೆ ಇಲ್ಲಿ ಮಸುಕಾಗುತ್ತದೆ. ಹೈದರಾಬಾದಿನ ಪ್ರಯೋಗಶಾಲೆಗೆ ಪರಿಚಿತವಾದ ಆಫ್ರಿಕದ ಕ್ಯಾಟ್‌ಫಿಶ್‌ನಲ್ಲಿಯೂ ಗಂಡಿನ ವೀರ್ಯಕೋಶಗಳು ಇಂಥದೇ ಗ್ಲುಕುರೊನೈಡುಗಳನ್ನು ತಯಾರಿಸಿ, ತತ್ತಿ ಪಕ್ವವಾದ ಹೆಣ್ಣನ್ನು ಕತ್ತಲ ನೀರಿನಲ್ಲೂ ತನ್ನೆಡೆಗೆ ಸೆಳೆಯುತ್ತವೆಂದು 1980ರ ದಶಕದಲ್ಲಿ ನೆದರ್ಲೆಂಡಿನ ಉಟ್ರೆಕ್ಟ್‌ನಲ್ಲಿ ಕಂಡುಕೊಳ್ಳಲಾಗಿತ್ತು. ಇದೇ ಮೀನನ್ನು ಸ್ಥಳೀಯ ಮೀನುಗಳಿಗೆ ಮಾರಕವೆಂದು ಕೇಂದ್ರ ಸರ್ಕಾರ ನಿಷೇಧಿಸಿದೆ. ವಿಜ್ಞಾನಕ್ಕೆ ಉಪಕಾರಿಯಾದದ್ದೆಲ್ಲ ಕೆರೆಗೂ ಉಪಕಾರಿಯಾಗಬೇಕೆಂದಿಲ್ಲ.

ಹಾರ್ಮೋನು ಆಯ್ಕೆ ಮಾಡುವ ಜೀವಿಯ ಇಂದ್ರಿಯಗಳನ್ನೇ ತಿದ್ದಬಲ್ಲದೆಂಬುದಕ್ಕೆ ಅಮೆರಿಕದ ಪಶ್ಚಿಮ ಕರಾವಳಿಯ ಮಿಡ್‌ಶಿಪ್‌ಮನ್ ಮೀನು ನಿದರ್ಶನ. ಅದರ ಗಂಡು ರಾತ್ರಿ ಹೊತ್ತು ಕಲ್ಲಿನಡಿಯ ಗೂಡಿನಿಂದ ಗುಂಯ್‌ಗುಡುತ್ತ ಹೆಣ್ಣನ್ನು ಕರೆಯುತ್ತದೆ. ಸಿಸ್ನೆರೋಸ್, ಬ್ಯಾಸ್ ಮತ್ತು ಸಂಗಡಿಗರು 2004ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಸಂತಾನ ಋತುವಲ್ಲದ ಕಾಲದ ಹೆಣ್ಣುಗಳಿಗೆ ಈಸ್ಟ್ರಡಯಾಲ್ ಅಥವಾ ಟೆಸ್ಟೋಸ್ಟೆರಾನ್ ನೀಡಿದಾಗ ಅವುಗಳ ಒಳಕಿವಿ ಗಂಡಿನ ಕೂಗಿನ ಮೇಲುಸ್ವರಗಳನ್ನು ಹಿಡಿಯುವಷ್ಟು ಸೂಕ್ಷ್ಮವಾಯಿತು. ಎಂದರೆ, ಬೇರೆ ಋತುವಿನಲ್ಲಿ ಅದೇ ಕೂಗು ಅದೇ ಹೆಣ್ಣಿಗೆ ಅಷ್ಟು ಸ್ಪಷ್ಟವಾಗಿ ಕೇಳಿಸುವುದೇ ಇಲ್ಲ. ಗಂಡಿನ ಕಡೆಯಲ್ಲಿ ಕೆಲಸ ಮಾಡುವುದು 11-ಕೀಟೋಟೆಸ್ಟೋಸ್ಟೆರಾನ್: ಯುರೋಪಿನ ಸ್ಟಿಕಲ್‌ಬ್ಯಾಕ್ ಮೀನಿನ ಹೊಟ್ಟೆಯನ್ನು ಕೆಂಪಾಗಿಸುವುದೂ, ಗೂಡು ಹೆಣೆಯುವ ಅಂಟನ್ನು ಅದರ ಮೂತ್ರಪಿಂಡ ತಯಾರಿಸುವಂತೆ ಮಾಡುವುದೂ ಇದೇ. ಆದರೂ ಹಾರ್ಮೋನನ್ನು ಸರ್ವಾಧಿಕಾರಿಯೆಂದು ಬಗೆಯುವುದು ಸರಿಯಾಗದು. ಟಿಲಾಪಿಯಾದ ಬಂಧುಗಳಾದ ಸಿಕ್ಲಿಡ್ ಮೀನುಗಳಲ್ಲಿ ನೆಲೆ ಕಳೆದುಕೊಂಡ ಗಂಡಿನ ಬಣ್ಣ ಬಹುಬೇಗ ಮಂಕಾಗಿ, ಕ್ರಮೇಣ ಅದರ ಹಾರ್ಮೋನು ಮಟ್ಟವೂ ಕುಸಿಯುತ್ತದೆ. ಹಾರ್ಮೋನು ನಡತೆಯನ್ನು ರೂಪಿಸುವಂತೆ ನಡತೆಯೂ ಹಾರ್ಮೋನನ್ನು ರೂಪಿಸುತ್ತದೆ.

ಹೈದರಾಬಾದಿನ ನೀರುಗಳಲ್ಲಿ ಸಂಗಾತಿ ಆಯ್ಕೆಯ ಎರಡು ತುದಿಗಳನ್ನು ತೋರುವ ಮೀನುಗಳಿವೆ. ಒಂದು ತುದಿಯ ಮೀನುಗಳು ಇಲ್ಲಿಗೆ ಬಂದದ್ದು ಸೊಳ್ಳೆಗಳ ಕಾರಣದಿಂದ. ಸೊಳ್ಳೆಯ ಮೂಲಕ ಮಲೇರಿಯಾ ಹರಡುತ್ತದೆಂಬುದಕ್ಕೆ ಆಧಾರವಾದ ಪರಾವಲಂಬಿಯನ್ನು ವೈದ್ಯ ರೊನಾಲ್ಡ್ ರಾಸ್ 1897ರ ಆಗಸ್ಟ್ 20ರಂದು ಸಿಕಂದರಾಬಾದಿನಲ್ಲಿ ಸೊಳ್ಳೆಯ ಹೊಟ್ಟೆಯೊಳಗೆ ಕಂಡರು. ಆ ಸೊಳ್ಳೆಯ ಮರಿಹುಳುಗಳನ್ನು ತಿನ್ನಲೆಂದು ಮುಂದೆ ಭಾರತದ ಕೆರೆಬಾವಿಗಳಿಗೆ ಗಪ್ಪಿ ಮತ್ತು ಗ್ಯಾಂಬೂಸಿಯಾ ಮೀನುಗಳನ್ನು ಬಿಡಲಾಯಿತು. ಇವೆರಡೂ ಮರಿ ಹಾಕುವ ಮೀನುಗಳು. ಗರ್ಭಧಾರಣೆ ಒಡಲೊಳಗೇ ನಡೆಯುತ್ತದೆ. ಗಪ್ಪಿಯ ಹೆಣ್ಣು ಕಿತ್ತಳೆ ಚುಕ್ಕೆಗಳ ಗಂಡನ್ನು ಮೆಚ್ಚುತ್ತದೆಂಬುದು ಪ್ರಸಿದ್ಧವಾದರೂ, ಆ ಮೆಚ್ಚುಗೆ ಎಲ್ಲ ದಿನವೂ ಒಂದೇ ಸಮನಾಗಿರುವುದಿಲ್ಲ. ಮರಿ ಹಾಕಿದ ಬೆನ್ನಿಗೆ ಅಥವಾ ಮೊದಲ ಸಮಾಗಮಕ್ಕೆ ಮುನ್ನ ಹೆಣ್ಣು ಹೆಚ್ಚು ಒಲವು ತೋರುತ್ತದೆ. ಕೆನಡಾದ ರಾಬಿನ್ ಲೈಲಿ ನಡೆಸಿದ ಪ್ರಯೋಗಗಳು ಈ ಒಲವಿನ ಹಿಂದೆ ಅಂಡಾಶಯದ ಈಸ್ಟ್ರೊಜೆನ್ ಇದೆಯೆಂದು ತೋರಿದವು. ಗ್ಯಾಂಬೂಸಿಯಾದ ಗಂಡಾದರೋ ಒಪ್ಪಿಗೆಗೆ ಕಾಯದೆ ಹಿಂದಿನಿಂದ ಎರಗುವುದೇ ಹೆಚ್ಚು. ಇನ್ನೊಂದು ತುದಿಯಲ್ಲಿ ನಿಲ್ಲುವುದು ತೆಲಂಗಾಣದ ರಾಜ್ಯ ಮೀನೆನಿಸಿದ, ತೆಲುಗರು ಕೊರಮೀನು ಎಂದೂ ಪೇಟೆಯವರು ಮುರ್ರೆಲ್ ಎಂದೂ ಕರೆಯುವ ಮೀನು. ಕೊರಮೀನು ಜೊತೆಗೂಡಿ, ಜಲಸಸ್ಯಗಳ ನಡುವೆ ಜಾಗ ತೆರವು ಮಾಡಿಕೊಂಡು, ತೇಲುವ ತತ್ತಿಗಳನ್ನೂ ಅನಂತರ ಮರಿಗಳ ಹಿಂಡನ್ನೂ ಕಾಯುತ್ತದೆ. ವೀರ್ಯ ಚೆಲ್ಲಿ ಹೊರಟುಹೋಗುವ ಮೀನಿಗಿಂತ, ಜೊತೆಗೆ ನಿಂತು ಕಾಯಬೇಕಾದ ಮೀನಿಗೆ ಸಂಗಾತಿಯ ಗುಣ ಹೆಚ್ಚು ಮುಖ್ಯವಾಗುವುದು ಸಹಜ.

ಮನುಷ್ಯನು ಈ ವ್ಯವಹಾರದೊಳಗೆ ಸಿರಿಂಜು ಹಿಡಿದು ಪ್ರವೇಶಿಸಿದ್ದು 1957ರಲ್ಲಿ. ಒಡಿಶಾದ ಅಂಗುಲ್‌ನಲ್ಲಿ ಆ ವರ್ಷದ ಜುಲೈ 10ರಂದು ಹೀರಾಲಾಲ್ ಚೌಧುರಿ ಮತ್ತು ಕೆ. ಎಚ್. ಆಲಿಕುಂಞಿ ಅವರು ಪಿಟ್ಯೂಟರಿ ಗ್ರಂಥಿಯ ಸಾರವನ್ನು ಚುಚ್ಚಿ ಗೆಂಡೆ ಮೀನುಗಳಿಂದ ತತ್ತಿ ಇಡಿಸುವಲ್ಲಿ ಯಶಸ್ವಿಯಾದರು. ಆ ದಿನವನ್ನೇ ಇಂದು ರಾಷ್ಟ್ರೀಯ ಮೀನು ಕೃಷಿಕರ ದಿನವೆಂದು ಆಚರಿಸಲಾಗುತ್ತಿದೆ. ಸತ್ತ ಮೀನಿನ ತಲೆಯಿಂದ ಗ್ರಂಥಿ ಬಿಡಿಸಿ ತೆಗೆದು, ಆಲ್ಕೋಹಾಲಿನಲ್ಲಿಟ್ಟು, ಅರೆದು ಚುಚ್ಚುವ ಕೆಲಸ ನಾಜೂಕಿನದು, ಗ್ರಂಥಿಯ ಸತ್ವವೂ ಒಂದೇ ಸಮನಲ್ಲ. ಚೀನಾದ ಲಿನ್ ಮತ್ತು ಕೆನಡಾದ ಪೀಟರ್ ಎಂಬ ವಿಜ್ಞಾನಿಗಳು ಡೋಪಮಿನ್ ತಡೆಯನ್ನು ಸಡಿಲಿಸುವ ಔಷಧವನ್ನು ಗೊನಡೋಟ್ರೋಪಿನ್ ಬಿಡುಗಡೆ ಹಾರ್ಮೋನಿನ ಕೃತಕ ರೂಪದೊಡನೆ ಬೆರೆಸುವ ವಿಧಾನವನ್ನು ರೂಪಿಸಿದ ಮೇಲೆ ಓವಾಪ್ರಿಮ್ ಎಂಬ ಸಿದ್ಧ ದ್ರಾವಣ ಬಂದಿತು. ಭಾರತದ ಗೆಂಡೆಗಳ ಮೇಲೆ ಅದರ ಪ್ರಯೋಗಗಳನ್ನು ನಡೆಸಿ 1990ರಲ್ಲಿ ಪ್ರಕಟಿಸಿದವರಲ್ಲಿ ಮಂಗಳೂರಿನ ಮೀನುಗಾರಿಕಾ ಕಾಲೇಜಿನ ಎಂ. ಸಿ. ನಂದೀಶ ಮತ್ತು ಅವರ ಸಹೋದ್ಯೋಗಿಗಳು ಪ್ರಮುಖರು. ಇಂದು ತೆಲಂಗಾಣದಲ್ಲಾಗಲಿ ಕರ್ನಾಟಕದಲ್ಲಾಗಲಿ ಮೀನುಮರಿ ಉತ್ಪಾದನಾ ಕೇಂದ್ರದ ಗುಂಡು ತೊಟ್ಟಿಯಲ್ಲಿ ಸಂಜೆ ಚುಚ್ಚುಮದ್ದು ಪಡೆದ ರೋಹು ರಾತ್ರಿ ಕಳೆಯುವುದರೊಳಗೆ ತತ್ತಿ ಇಡುತ್ತದೆ. ಮಾರುಕಟ್ಟೆಯ ಕೆರೆ ಮೀನಿನ ಬಹುಭಾಗ ಹೀಗೆ ಹುಟ್ಟಿದ್ದು.

ಈ ಸಾಧನೆ ದೊಡ್ಡದು, ಅದರಿಂದ ಹೊಟ್ಟೆ ತುಂಬಿಸಿಕೊಂಡ ಸಂಸಾರಗಳೂ ಲೆಕ್ಕವಿಲ್ಲದಷ್ಟಿವೆ. ಆದರೆ ಸಿರಿಂಜು ಹಾರ್ಮೋನಿನ ಒಂದು ಪಾತ್ರವನ್ನು ಮಾತ್ರ ಎತ್ತಿಕೊಂಡಿತೆಂಬುದನ್ನು ಮರೆಯಲಾಗದು. ನದಿಯ ಪ್ರವಾಹದಲ್ಲಿ ನೂರಾರು ಮೀನುಗಳ ನಡುವೆ ಸುಳಿವು ಬೆರೆತು, ಯಾವ ಗಂಡು ಮೊದಲು ಗ್ರಹಿಸಿತು, ಯಾವುದು ಇತರರನ್ನು ಹಿಂದೆ ಹಾಕಿತು ಎಂಬುದರಿಂದ ನಡೆಯುತ್ತಿದ್ದ ಜರಡಿ ಹಿಡಿಯುವ ಕೆಲಸ ತೊಟ್ಟಿಯಲ್ಲಿ ಬಹುಮಟ್ಟಿಗೆ ನಿಂತುಹೋಗುತ್ತದೆ. ಅಲ್ಲಿ ಆರಿಸುವವನು ಬಲೆ ಹಿಡಿದ ಮನುಷ್ಯ. ಅವನು ನೋಡುವುದು ಹೊಟ್ಟೆ ಉಬ್ಬಿದೆಯೇ, ಒತ್ತಿದರೆ ಹಾಲಿನಂಥ ವೀರ್ಯ ಬರುತ್ತದೆಯೇ ಎಂಬುದನ್ನು. ಕೆಲವೇ ತಾಯಿಮೀನುಗಳಿಂದ ಇಡೀ ವರ್ಷದ ಮರಿಗಳನ್ನು ಪಡೆದು, ಆ ಮರಿಗಳಿಂದಲೇ ಮುಂದಿನ ತಾಯಿಮೀನುಗಳನ್ನು ಆರಿಸುತ್ತ ಹೋದರೆ ಒಡಹುಟ್ಟಿದವೇ ಜೊತೆಯಾಗುತ್ತವೆ. ಎ. ಇ. ಏಕನಾಥ್ ಮತ್ತು ಆರ್. ಡಬ್ಲ್ಯು. ಡಾಯ್ಲ್ ಕರ್ನಾಟಕದ ಮೀನುಮರಿ ಕೇಂದ್ರಗಳನ್ನು ಪರಿಶೀಲಿಸಿ 1990ರಲ್ಲಿ ಪ್ರಕಟಿಸಿದ ಅಧ್ಯಯನವು ಈ ಒಳತಳಿ ಸಂಕರದ ಪ್ರಮಾಣವನ್ನು ಶೇ. 2ರಿಂದ 17ರವರೆಗೆ ಅಂದಾಜು ಮಾಡಿತು. ಹೀಗೆ ತಳಿಯ ವೈವಿಧ್ಯ ಕರಗಿದರೆ ಬೆಳವಣಿಗೆ ಕುಂಠಿತವಾಗಿ, ರೋಗಕ್ಕೆ ಬೇಗ ಬಲಿಯಾಗುವ ಮೀನುಗಳು ಉಳಿಯುತ್ತವೆ. ಆಯ್ಕೆಯನ್ನು ಮೀನಿನಿಂದ ಕಿತ್ತುಕೊಂಡವರು ಅದರ ಹೊಣೆಯನ್ನೂ ಹೊರಬೇಕಲ್ಲವೇ? ಮೀನಿನ ಆರೋಗ್ಯದ ಬಗ್ಗೆ ನಡೆಯುವಷ್ಟು ಮಾತು ತಾಯಿಮೀನಿನ ವಂಶಾವಳಿಯ ಬಗ್ಗೆ ನಡೆಯುವುದಿಲ್ಲ.

ಮನುಷ್ಯನ ಎರಡನೆಯ ಪ್ರವೇಶ ಬಚ್ಚಲ ನೀರಿನ ಮೂಲಕ ಆದದ್ದು, ಯಾರೂ ಉದ್ದೇಶಿಸಿದ್ದಲ್ಲ. ಮೂಸಿಯ 1908ರ ಮಹಾಪೂರದ ತರುವಾಯ ಸರ್ ಎಂ. ವಿಶ್ವೇಶ್ವರಯ್ಯನವರ ಸಲಹೆಯಂತೆ ರೂಪುಗೊಂಡ ಉಸ್ಮಾನ್ ಸಾಗರ ಮತ್ತು ಹಿಮಾಯತ್ ಸಾಗರಗಳು ನಗರದ ಮೇಲ್ಭಾಗದಲ್ಲಿದ್ದು ಕುಡಿಯುವ ನೀರಿನ ಆಸರೆಯಾದರೆ, ನಗರವನ್ನು ದಾಟಿದ ಮೂಸಿ ಮನೆ, ಆಸ್ಪತ್ರೆ, ಕಾರ್ಖಾನೆಗಳ ಬಚ್ಚಲನ್ನು ಹೊತ್ತು ಕೃಷ್ಣೆಯತ್ತ ಸಾಗುತ್ತದೆ. ಜಗತ್ತಿನ ಯಾವ ಮಹಾನಗರದ ಬಚ್ಚಲಿನಲ್ಲಾದರೂ ಮನುಷ್ಯರ ಮೂತ್ರದೊಡನೆ ಬಂದ ನೈಸರ್ಗಿಕ ಈಸ್ಟ್ರೊಜೆನ್, ಗರ್ಭನಿರೋಧಕ ಮಾತ್ರೆಯ ಎಥಿನೈಲ್ ಈಸ್ಟ್ರಡಯಾಲ್, ಕೀಟನಾಶಕಗಳ ಶೇಷ ಇರುವುದು ಅಪರೂಪವಲ್ಲ. ಸಾಮಾನ್ಯ ಶುದ್ಧೀಕರಣ ಘಟಕಗಳನ್ನು ಇವುಗಳನ್ನು ತೆಗೆಯಲೆಂದು ಕಟ್ಟಿಲ್ಲ. 300 ಕೋಟಿ ಲೀಟರಿನಲ್ಲಿ ಒಂದು ಗ್ರಾಂ ಸುಳಿವನ್ನು ಹಿಡಿಯಬಲ್ಲ ಜೀವಿಗೆ ಇಂಥ ನೀರು ಗದ್ದಲದ ಸಂತೆಯೇ ಸರಿ. ಕೆನಡಾದ ಒಂಟಾರಿಯೊ ಪ್ರಾಂತದ ಪ್ರಾಯೋಗಿಕ ಸರೋವರವೊಂದಕ್ಕೆ 2001ರಿಂದ 2003ರವರೆಗೆ ಎಥಿನೈಲ್ ಈಸ್ಟ್ರಡಯಾಲನ್ನು ಲೀಟರಿಗೆ ಐದಾರು ನ್ಯಾನೋಗ್ರಾಂ ಮಟ್ಟದಲ್ಲಿ ಸೇರಿಸಿದಾಗ ಅಲ್ಲಿನ ಸಣ್ಣ ಮಿನ್ನೋ ಮೀನಿನ ಸಂತತಿ ಅಳಿವಿನಂಚಿಗೆ ಬಂದಿತು. ಇಂಗ್ಲೆಂಡಿನ ಎಕ್ಸೆಟರ್‌ನಲ್ಲಿ ಝೀಬ್ರಾ ಮೀನುಗಳ ಮೇಲೆ ನಡೆದ ಅಧ್ಯಯನ ಪ್ರಸ್ತುತ ವಿಷಯಕ್ಕೆ ಇನ್ನೂ ಹತ್ತಿರದ್ದು: ಅದೇ ರಾಸಾಯನಿಕಕ್ಕೆ ಒಡ್ಡಿದ ಗುಂಪಿನಲ್ಲಿ ಗಂಡುಗಳ ಮೇಲು ಕೀಳಿನ ಶ್ರೇಣಿ ಕದಡಿ, ಸಾಮಾನ್ಯವಾಗಿ ಹೆಚ್ಚಿನ ಮರಿಗಳಿಗೆ ತಂದೆಯಾಗುತ್ತಿದ್ದ ಬಲಿಷ್ಠ ಗಂಡಿನ ಪಾಲು ಇಳಿಯಿತು. ಮೀನುಗಳು ಸಾಯಲಿಲ್ಲ, ತತ್ತಿಯೂ ನಿಲ್ಲಲಿಲ್ಲ. ಆಯ್ಕೆ ಮಾತ್ರ ಹಳಿ ತಪ್ಪಿತು. ಸತ್ತು ತೇಲುವ ಮೀನನ್ನು ಪತ್ರಿಕೆ ವರದಿ ಮಾಡುತ್ತದೆ, ಇಂಥ ಬದಲಾವಣೆ ಯಾರ ಕಣ್ಣಿಗೂ ಬೀಳುವುದಿಲ್ಲ.

ಹೈದರಾಬಾದ್ ವಿಶ್ವವಿದ್ಯಾಲಯದ ತಂಡ ಈ ದಿಕ್ಕಿನಲ್ಲೂ ದುಡಿದಿದೆ. ಎಥಿನೈಲ್ ಈಸ್ಟ್ರಡಯಾಲ್ ಮತ್ತು ಮೀಥೈಲ್ ಟೆಸ್ಟೋಸ್ಟೆರಾನ್‌ಗಳು ಬೆಳೆದ ಕ್ಯಾಟ್‌ಫಿಶ್‌ನಲ್ಲಿ ಮಿದುಳು, ಪಿಟ್ಯೂಟರಿ, ಜನನಗ್ರಂಥಿಗಳ ಸರಪಣಿಯ ಮೇಲೆ ಬೀರುವ ಪ್ರಭಾವವನ್ನು ಐ. ಸ್ವಪ್ನಾ ಮತ್ತು ಸೆಂಥಿಲ್‌ಕುಮಾರನ್ 2009ರಲ್ಲಿ ಪ್ರಕಟಿಸಿದರು. ಎಂಡೋಸಲ್ಫಾನ್ ಕೀಟನಾಶಕವು ನಮ್ಮ ನಾಡಿನ ಮಾಗುರ್ ಎಂಬ ಕ್ಯಾಟ್‌ಫಿಶ್‌ನ ಎಳೆಯ ಗಂಡುಗಳಲ್ಲಿ ವೃಷಣದ ಬೆಳವಣಿಗೆಯನ್ನು ಕುಂಠಿತಗೊಳಿಸುತ್ತದೆಂದು ಅದೇ ಪ್ರಯೋಗಶಾಲೆ 2012ರಲ್ಲಿ ವರದಿ ಮಾಡಿತು. ಕಾಸರಗೋಡಿನ ಗೇರು ತೋಟಗಳ ಮೇಲೆ ವರ್ಷಗಟ್ಟಲೆ ಹೆಲಿಕಾಪ್ಟರಿನಿಂದ ಸುರಿದು, ಎಣ್ಮಕಜೆ ಮುಂತಾದ ಊರುಗಳ ಜನರ ಬದುಕನ್ನು ಹಾಳುಗೆಡವಿ, ಕೊನೆಗೆ 2011ರಲ್ಲಿ ಸುಪ್ರೀಂ ಕೋರ್ಟ್ ದೇಶದಾದ್ಯಂತ ತಡೆದ ವಿಷ ಅದು. ಅಲ್ಲಿನ ತೋಡುಗಳ, ಸುರಂಗಗಳ ನೀರನ್ನು ಬಲ್ಲ ಕನ್ನಡಿಗರಿಗೆ ಈ ಪ್ರಯೋಗಾಲಯದ ಮಾತು ದೂರದ್ದೆನಿಸಲಾರದು.

ನದಿ ಕೆರೆಗಳ ನೀರನ್ನು ಪರೀಕ್ಷಿಸುವ ಅಧಿಕಾರಿಗಳು ಕರಗಿದ ಆಮ್ಲಜನಕ, ಆಮ್ಲೀಯತೆ, ಕೋಲಿಫಾರ್ಮ್ ಬ್ಯಾಕ್ಟೀರಿಯಾ ಮೊದಲಾದವನ್ನು ಅಳೆಯುತ್ತಾರೆ. ಆ ಪಟ್ಟಿಗೆ ಈಸ್ಟ್ರೊಜೆನ್‌ನಂಥ ಹಾರ್ಮೋನು ವಸ್ತುಗಳ ಅಳತೆಯನ್ನು ಸೇರಿಸುವುದು ಮೂಸಿಯಂಥ ನದಿಗಳ ಮಟ್ಟಿಗಾದರೂ ತಡವಿಲ್ಲದೆ ಆಗಬೇಕಾಗಿದೆ. ಅಂತೆಯೇ ಮೀನುಮರಿ ಕೇಂದ್ರಗಳು ತಾಯಿಮೀನುಗಳ ಮೂಲವನ್ನು ದಾಖಲಿಸಿ, ಕೆಲವು ವರ್ಷಗಳಿಗೊಮ್ಮೆ ನದಿಯಿಂದ ಹಿಡಿದ ಮೀನುಗಳನ್ನು ಬೆರೆಸಿ, ಪರಸ್ಪರ ವಿನಿಮಯ ಮಾಡಿಕೊಳ್ಳಬೇಕು. ಕೆರೆ ಗುತ್ತಿಗೆ ಹಿಡಿದಿರುವ ಮೀನುಗಾರರ ಸಹಕಾರ ಸಂಘಗಳು ಮರಿ ಕೊಳ್ಳುವಾಗ ಬೆಲೆಯ ಜೊತೆಗೆ ಅದರ ತಾಯಿಮೀನು ಎಲ್ಲಿಯದೆಂದೂ ವಿಚಾರಿಸಲಿ.